ಎಲ್ಲ ಧರ್ಮಗಳೂ ಒಂದೇ ಅಂದ ಮೇಲೆ ಮಾತಾಡೋಕೆ ಏನು ಉಳಿಯುತ್ತೆ?

ಕೊನೇಬೆಂಚು (ಚರ್ಚೆ ಶುರು ಮಾಡಿದವರು)

ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಕಾಲೇಜಿನಲ್ಲಿ ಬೇರೆ ಬೇರೆ ಧರ್ಮದವರು ಒಟ್ಟಿಗೆ ಕೂತು ಮಾತಾಡಲಿ ಅಂತ ನಾವು ಕೆಲವರು ಒಂದು ಗುಂಪು ಕಟ್ಟಿದೆವು. ಹದಿನಾಲ್ಕು ಜನ. ವಾರಕ್ಕೊಮ್ಮೆ, ಕ್ಲಾಸು ಮುಗಿದ ಮೇಲೆ ಒಂದು ಗಂಟೆ. ಮೊದಲ ಮೂರು ವಾರ ಎಲ್ಲ ಎಷ್ಟು ಚೆನ್ನಾಗಿ ನಡೆಯಿತು ಅಂದರೆ ನನಗೆ ಆಕಳಿಕೆ ಬಂತು. ಒಬ್ಬರು ಎದ್ದು "ನಮ್ಮ ಧರ್ಮ ಶಾಂತಿ ಹೇಳುತ್ತೆ" ಅನ್ನೋದು, ಉಳಿದವರು ಚಪ್ಪಾಳೆ ತಟ್ಟೋದು. ಇನ್ನೊಬ್ಬರು ಎದ್ದು "ನಮ್ಮದೂ ಅದನ್ನೇ ಹೇಳುತ್ತೆ" ಅನ್ನೋದು, ಮತ್ತೆ ಚಪ್ಪಾಳೆ. ಫೋಟೋ ತೆಗೆದು ಮನೆಗೆ.

ನಾಲ್ಕನೇ ವಾರ ಒಬ್ಬಳು ಎದುರು ಕೂತಿದ್ದ ಹುಡುಗನನ್ನು ಕೇಳಿದಳು: "ನಿಮ್ಮ ನಂಬಿಕೆ ಪ್ರಕಾರ ನಾನು ಸತ್ತ ಮೇಲೆ ಎಲ್ಲಿಗೆ ಹೋಗ್ತೀನಿ?"

ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಪೆನ್ನಿನ ಕ್ಯಾಪು ತೆಗೆದ, ಹಾಕಿದ, ತೆಗೆದ. ಆಮೇಲೆ ತಲೆ ತಗ್ಗಿಸಿಕೊಂಡೇ ತನಗೆ ಕಲಿಸಿದ್ದನ್ನು ಹೇಳಿದ. ಅದು ಅವಳಿಗೆ ಒಳ್ಳೆಯ ಸುದ್ದಿ ಆಗಿರಲಿಲ್ಲ. ಹಿಂದೆ ಯಾರೋ ನಕ್ಕರು. ಇನ್ನೊಬ್ಬ "ಇದೇ ನೋಡಿ ಇವರ ನಿಜವಾದ ಬಣ್ಣ" ಅಂದ. ಐದು ನಿಮಿಷದಲ್ಲಿ ಯಾರು ಯಾರಿಗೆ ಕೂಗುತ್ತಿದ್ದಾರೆ ಅಂತಲೇ ಗೊತ್ತಾಗದ ಹಾಗಾಯಿತು.

ಮುಂದಿನ ವಾರ ಬಂದವರು ಆರು ಜನ. ಗುಂಪಿನ ಉಸ್ತುವಾರಿ ನೋಡುವ ಮೇಷ್ಟ್ರು ಕರೆದು, "ಇದೆಲ್ಲ ಬೇಡ, ಸೌಹಾರ್ದದ ಮೇಲೆ ಚಿತ್ರ ಬಿಡಿಸುವ ಸ್ಪರ್ಧೆ ಮಾಡಿ" ಅಂದರು.

ನನ್ನ ಪ್ರಶ್ನೆ ಇಷ್ಟೇ. ನಾವು ಎಡವಿದ್ದು ನಾಲ್ಕನೇ ವಾರವಾ, ಅಥವಾ ಮೊದಲ ಮೂರು ವಾರವಾ?

ಸುಮ್ನೆಬಂದೆ

ಬಿಳಿ ಬಣ್ಣ ಜಾಸ್ತಿ ತರಿಸಿ ಇಟ್ಟುಕೊಳ್ಳಿ. ಎಲ್ಲರೂ ಪಾರಿವಾಳವನ್ನೇ ಬಿಡಿಸುತ್ತಾರೆ.

ಮೂಲೆಮನೆ

ಎಡವಿದ್ದು ನಾಲ್ಕನೇ ವಾರ, ಇದರಲ್ಲಿ ಅನುಮಾನ ಏನಿದೆ? ಪರಿಚಯ ಆಗಿ ಒಂದು ತಿಂಗಳಾಗಿಲ್ಲ, ಆಗಲೇ ಸ್ವರ್ಗ ನರಕದ ಲೆಕ್ಕ ಕೇಳಿದರೆ ಹೇಗೆ? ಪಕ್ಕದ ಮನೆಗೆ ಹೊಸದಾಗಿ ಬಂದವರನ್ನು ಮೊದಲ ದಿನವೇ "ನಿಮ್ಮ ಮನೆಯಲ್ಲಿ ಜಗಳ ಯಾವುದಕ್ಕೆ ಆಗುತ್ತೆ?" ಅಂತ ಕೇಳುತ್ತೇವಾ? ಮೊದಲು ಬಳಕೆ, ಆಮೇಲೆ ಪ್ರಶ್ನೆ. ಆ ಹುಡುಗನನ್ನು ಮೂಲೆಗೆ ತಳ್ಳಿದ ಹಾಗಾಯಿತು. ಸುಳ್ಳು ಹೇಳಿದರೆ ತನ್ನ ನಂಬಿಕೆಗೆ ಮೋಸ, ನಿಜ ಹೇಳಿದರೆ ಗೆಳತಿಗೆ ನೋವು.

ಅರೆಬೆಳಕು

@ಮೂಲೆಮನೆ ನಾನು ಒಪ್ಪಲ್ಲ. ಮೂರು ವಾರ ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ. ಭಾಷಣ ಮಾಡಿದ್ದರು ಅಷ್ಟೇ. ಆ ಗುಂಪಿನಲ್ಲಿ ಬಂದ ಮೊದಲ ನಿಜವಾದ ಪ್ರಶ್ನೆಯೇ ಅದು. ಅದಕ್ಕೆ ಸಿಕ್ಕ ಉತ್ತರವೂ ನಿಜ. ಕೆಟ್ಟದ್ದು ಪ್ರಶ್ನೆ ಅಲ್ಲ, ಹಿಂದಿನಿಂದ ಬಂದ ನಗು.

ಹಳೇಚಪ್ಪಲಿ

ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ. ಕುರುಡರು ಆನೆ ಮುಟ್ಟಿದ ಕತೆ ಎಲ್ಲರಿಗೂ ಗೊತ್ತು. ಒಬ್ಬನಿಗೆ ಕಂಬ, ಒಬ್ಬನಿಗೆ ಮೊರ, ಒಬ್ಬನಿಗೆ ಹಗ್ಗ. ಆನೆ ಒಂದೇ. ಎಲ್ಲ ಧರ್ಮವೂ ಹಾಗೇ. ಇಷ್ಟು ಅರ್ಥ ಆದರೆ ಜಗಳ ಎಲ್ಲಿ ಬಂತು?

ನೀಲಿಶಾಯಿ

@ಹಳೇಚಪ್ಪಲಿ ಆ ಕತೆಯಲ್ಲಿ ಒಂದು ತಮಾಷೆ ಇದೆ, ನೋಡಿದ್ದೀರಾ? ಕುರುಡರಿಗೆಲ್ಲ ಒಂದೊಂದು ತುಂಡು ಸಿಕ್ಕಿದೆ. ಇಡೀ ಆನೆ ಕಾಣುತ್ತಿರುವುದು ಕತೆ ಹೇಳುವವನಿಗೆ ಮಾತ್ರ. ಅಂದರೆ "ಎಲ್ಲರೂ ಅರ್ಧ ಸತ್ಯ" ಅನ್ನುವವನು ಸದ್ದಿಲ್ಲದೆ ತನ್ನನ್ನು ಎಲ್ಲರಿಗಿಂತ ಮೇಲೆ ಕೂರಿಸಿಕೊಂಡಿದ್ದಾನೆ.

ಆ ಕತೆ ಬೌದ್ಧರ ಉದಾನ ಅನ್ನೋ ಗ್ರಂಥದಲ್ಲಿ ಬರುತ್ತೆ. ಅಲ್ಲಿ ಅದು ಎಲ್ಲವೂ ಒಂದೇ ಅಂತ ಸಮಾಧಾನ ಹೇಳೋಕೆ ಬಂದದ್ದಲ್ಲ. ತಮ್ಮ ತಮ್ಮ ಅಭಿಪ್ರಾಯಕ್ಕೆ ಜೋತುಬಿದ್ದು ಬಾಯಿಗೆ ಬಂದ ಹಾಗೆ ಜಗಳ ಆಡುತ್ತಿದ್ದ ಪಂಡಿತರನ್ನು ನೋಡಿ ಬುದ್ಧ ಹೇಳಿದ್ದು. ಜೈನರು ಇದೇ ಕತೆಯನ್ನು ಅನೇಕಾಂತವಾದ ವಿವರಿಸೋಕೆ ಬಳಸುತ್ತಾರೆ. ಅದೂ "ಎಲ್ಲ ಒಂದೇ" ಅಂತ ಅಲ್ಲ, "ಒಂದು ವಸ್ತುವಿಗೆ ಮುಖ ಹಲವು, ನೀನು ಯಾವ ಕಡೆಯಿಂದ ನೋಡುತ್ತಿದ್ದೀಯ ಅನ್ನೋದನ್ನು ಮರೀಬೇಡ" ಅಂತ. ಎರಡಕ್ಕೂ ವ್ಯತ್ಯಾಸ ಇದೆ.

ಹಳೇಚಪ್ಪಲಿ

ಸರಿ ಸ್ವಾಮಿ, ಆನೆ ವಾಪಸ್ ತಗೊಂಡೆ.

ನಂಬದವನು

ನನ್ನದೊಂದು ದೂರು. ಇಂಥ ಗುಂಪಿಗೆ ನಾನೂ ಹೋಗಿದ್ದೆ. ಬಾಗಿಲಲ್ಲೇ ಒಂದು ಹಾಳೆ ಕೊಟ್ಟರು. ಹೆಸರು, ವಿಭಾಗ, ಧರ್ಮ. ಮೂರನೇ ಸಾಲಿನಲ್ಲಿ "ಇಲ್ಲ" ಅಂತ ಬರೆದೆ. ತೆಗೆದುಕೊಂಡವರು "ಹಾಗಲ್ಲ, ನೀವು ಹುಟ್ಟಿದ್ದು ಯಾವುದರಲ್ಲಿ?" ಅಂದರು. ಕೊನೆಗೆ ನನ್ನನ್ನು ಅಪ್ಪ ಅಮ್ಮನ ಧರ್ಮದ ಕುರ್ಚಿಯಲ್ಲಿ ಕೂರಿಸಿದರು. ಒಂದು ಗಂಟೆ ನಾನು ನಂಬದ್ದರ ವಕೀಲ ಆಗಿದ್ದೆ. ನಂಬಿಕೆ ಇಲ್ಲದವರಿಗೂ ಸಾವು, ಸರಿ ತಪ್ಪು, ಬದುಕಿನ ಬಗ್ಗೆ ಯೋಚನೆ ಇರುತ್ತೆ. ನಮಗೆ ಜಾಗ ಇಲ್ಲದಿದ್ದರೆ ಅದನ್ನು ಸಂವಾದ ಅನ್ನಬೇಡಿ, ಪ್ರತಿನಿಧಿಗಳ ಸಭೆ ಅನ್ನಿ.

ಮೂಲೆಮನೆ

@ನಂಬದವನು ಆದರೆ ಅಂಥ ಗುಂಪಿಗೆ ಬಂದ ಕೆಲವು ನಾಸ್ತಿಕರು ಕೇಳೋಕೆ ಬರಲ್ಲ, ತಿದ್ದೋಕೆ ಬರ್ತಾರೆ. ಅದನ್ನೂ ಹೇಳಿ.

ನಂಬದವನು

ಒಪ್ಪಿದೆ. ಹದಿನೆಂಟು ವರ್ಷದಲ್ಲಿ ನಾನೂ ಹಾಗೇ ಇದ್ದೆ. ಅಸಹ್ಯ ಆಗುವಷ್ಟು.

ಮಳೆಹುಳ

ನಾನು ಹೇಳೋದು ಬೇರೆ ಕಡೆಯಿಂದ. ನನ್ನ ಕ್ಲಾಸಿನಲ್ಲಿ ನನ್ನ ಧರ್ಮದವಳು ನಾನೊಬ್ಬಳೇ. ಮೂರು ವರ್ಷದಿಂದ ನಾನು ಎಲ್ಲರ ನಡೆದಾಡುವ ವಿಶ್ವಕೋಶ. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಏನೋ ಮಾಡಿದರೆ ಮಾರನೇ ದಿನ ನಾಲ್ಕು ಜನ ನನ್ನ ಮುಖ ನೋಡುತ್ತಾರೆ. ನಾನು ಖಂಡಿಸಬೇಕು. ಖಂಡಿಸಿದರೆ "ನೀನು ಬೇರೆ ಥರ ಬಿಡು" ಅಂತಾರೆ. ಅದು ಹೊಗಳಿಕೆ ಅಂತ ಅವರು ಅಂದುಕೊಂಡಿದ್ದಾರೆ.

ಸಂವಾದದ ಗುಂಪಿನಲ್ಲೂ ಅದೇ. ಉಳಿದವರು ತಮ್ಮ ಬಗ್ಗೆ ಮಾತಾಡುತ್ತಿದ್ದರು, ನಾನು ಕೋಟಿಗಟ್ಟಲೆ ಜನರ ಪರವಾಗಿ ಮಾತಾಡಬೇಕಿತ್ತು. ಒಂದು ದಿನ "ನಾನು ಇವತ್ತು ನನ್ನ ಅಜ್ಜಿ ಬಗ್ಗೆ ಮಾತ್ರ ಹೇಳ್ತೀನಿ" ಅಂದೆ. ಅಜ್ಜಿ ಪ್ರಾರ್ಥನೆ ಮಾಡುವಾಗ ನಡುವೆ ನಿಲ್ಲಿಸಿ ಬೆಕ್ಕಿಗೆ ಬೈದು ಮತ್ತೆ ಮುಂದುವರಿಸುತ್ತಿದ್ದರು. ಆ ಬೈಗುಳ ಮುಗಿಸಿ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಶುರು, ಒಂದು ಪದ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಇದನ್ನು ಹೇಳಿದಾಗ ಎದುರಿಗಿದ್ದವಳು ತನ್ನ ತಾತ ಪೂಜೆ ನಡುವೆ ಹೀಗೇ ಮಾಡ್ತಾರೆ ಅಂತ ಎದ್ದು ನಿಂತು ನಟಿಸಿ ತೋರಿಸಿದಳು. ಆ ಒಂದು ಗಂಟೆ ನನಗೆ ಇಷ್ಟವಾಯಿತು. ಅಷ್ಟು ದಿನದಲ್ಲಿ ಅದೊಂದೇ.

ಅರೆಬೆಳಕು

ಬೆಕ್ಕಿಗೆ ಏನಂತ ಬೈತಿದ್ದರು?

ಮಳೆಹುಳ

ಇಲ್ಲಿ ಬರೆದರೆ ನನ್ನ ಖಾತೆ ತೆಗೆದುಹಾಕ್ತಾರೆ.

ಇತಿಹಾಸದಹುಚ್ಚ

ಈ "ಎಲ್ಲ ಒಂದೇ" ಮಾತಿಗೆ ಎಲ್ಲರೂ 1893ರ ಶಿಕಾಗೋ ಸಮ್ಮೇಳನವನ್ನು ತರುತ್ತಾರೆ. ಇನ್ನೂ ಯಾರೂ ತಂದಿಲ್ಲ, ನಾನೇ ತರುತ್ತೇನೆ. ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಎಲ್ಲರಿಗೂ ಗೊತ್ತು. ಅವತ್ತಿಗೇ ಸಮ್ಮೇಳನ ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ನಡೆದದ್ದು 17 ದಿನ. ಕೊನೆಯ ದಿನ, ಸೆಪ್ಟೆಂಬರ್ 27ರಂದು, ಅವರೇ ಇನ್ನೊಮ್ಮೆ ಮಾತಾಡಿದರು. ಕ್ರೈಸ್ತರು ಹಿಂದೂ ಆಗಬೇಕಿಲ್ಲ, ಬೌದ್ಧರಾಗಬೇಕಿಲ್ಲ, ಹಿಂದೂಗಳು ಬೌದ್ಧರು ಕ್ರೈಸ್ತರಾಗಬೇಕಿಲ್ಲ, ಒಬ್ಬೊಬ್ಬರೂ ಇನ್ನೊಬ್ಬರ ಸಾರ ಹೀರಿಕೊಂಡು ತಮ್ಮತನ ಉಳಿಸಿಕೊಂಡೇ ಬೆಳೆಯಬೇಕು ಅನ್ನುವುದು ಅದರ ತಿರುಳು. ಕಲಸುಮೇಲೋಗರ ಮಾಡಿ ಅಂತ ಅವರು ಹೇಳಲಿಲ್ಲ.

ಇನ್ನೊಂದು. ಆ ಸಮ್ಮೇಳನಕ್ಕೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಬರಲ್ಲ ಅಂತ ಪತ್ರ ಬರೆದರು. ಕಾರಣವನ್ನೂ ಮುಚ್ಚಿಡಲಿಲ್ಲ. ಕ್ರೈಸ್ತ ಧರ್ಮವೇ ಏಕೈಕ ಧರ್ಮ ಅಂತ ನಂಬುವ ತಾನು ಉಳಿದವರ ಸಮಕ್ಕೆ ಹೇಗೆ ಕೂರಲಿ ಅನ್ನುವುದು ಅವರ ತಕರಾರು. ನನಗೆ ಅವರ ಮಾತು ಒಪ್ಪಿಗೆ ಇಲ್ಲ. ಆದರೆ ಬಂದು ನಕ್ಕು ಫೋಟೋಗೆ ನಿಂತು ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಂಡವರಿಗಿಂತ ಇವರೇ ವಾಸಿ.

ಹಳೇಚಪ್ಪಲಿ

ನಮ್ಮ ದೇಶದಿಂದ ಅಲ್ಲಿಗೆ ಹೋಗಿದ್ದು ವಿವೇಕಾನಂದರು ಒಬ್ಬರೇ ಅಲ್ವಾ?

ಇತಿಹಾಸದಹುಚ್ಚ

ಅಲ್ಲ. ಜೈನರ ಪರವಾಗಿ ವೀರಚಂದ್ ಗಾಂಧಿ ಹೋಗಿದ್ದರು. ಬ್ರಹ್ಮಸಮಾಜದ ಪ್ರತಾಪಚಂದ್ರ ಮಜುಂದಾರ್ ಇದ್ದರು. ಸಿಂಹಳದಿಂದ ಅನಾಗರಿಕ ಧರ್ಮಪಾಲ ಬಂದಿದ್ದರು. ಒಬ್ಬರ ಹೆಸರು ಗಟ್ಟಿಯಾಗಿ ಕೇಳಿದರೆ ಉಳಿದವರು ಪಕ್ಕಕ್ಕೆ ಸರಿದುಬಿಡುತ್ತಾರೆ.

ಒಂದುಪ್ರಶ್ನೆ

ಎಲ್ಲರೂ ಸುತ್ತಿ ಬಳಸಿ ಮಾತಾಡ್ತಿದ್ದೀರಿ. ನೇರವಾಗಿ ಕೇಳ್ತೀನಿ. ಇಂಥ ಸಂವಾದ ಅನ್ನೋದು ಜನರನ್ನು ತಮ್ಮ ಕಡೆ ಸೆಳೆಯೋಕೆ ಹಿಂಬಾಗಿಲು ಅಲ್ಲ ಅಂತ ಏನು ಖಾತ್ರಿ? ನನ್ನ ತಂಗಿ ಇಂಥದ್ದಕ್ಕೆ ಹೋಗ್ತೀನಿ ಅಂದಾಗ ಮನೆಯಲ್ಲಿ ಅಪ್ಪ ಇದನ್ನೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗಣಿತದಟೀಚರ್

@ಒಂದುಪ್ರಶ್ನೆ ನಿಮ್ಮ ತಂದೆಯವರ ಭಯ ಬಾಲಿಶ ಅಲ್ಲ. ಎಷ್ಟೋ ಮನೆಗಳಲ್ಲಿ ಇದೆ, ಎಲ್ಲ ಧರ್ಮದ ಮನೆಗಳಲ್ಲೂ ಇದೆ. ನಾನು ಇಂಥ ಗುಂಪುಗಳನ್ನು ಆರು ವರ್ಷ ನಡೆಸಿದ್ದೇನೆ. ಗಣಿತ ಹೇಳಿಕೊಡೋಳು ಇಲ್ಲಿಗೆ ಹೇಗೆ ಬಂದೆ ಅನ್ನೋದು ಬೇರೆ ಕತೆ. ಆ ವರ್ಷ ಖಾಲಿ ಇದ್ದದ್ದು ನನ್ನ ಕೊನೆಯ ಪೀರಿಯಡ್ ಮಾತ್ರ, ಅದಕ್ಕೆ ನನ್ನ ತಲೆಗೆ ಕಟ್ಟಿದರು.

ಮೊದಲ ದಿನವೇ ನಾನು ಒಂದು ಮಾತು ಜೋರಾಗಿ ಹೇಳಿಸುತ್ತಿದ್ದೆ: "ನಿನ್ನನ್ನು ಬದಲಾಯಿಸೋಕೆ ನಾನು ಇಲ್ಲಿ ಬಂದಿಲ್ಲ." ಯಾರಿಗೆ ಇದನ್ನು ಹೇಳೋಕೆ ಆಗಲ್ಲವೋ ಅವರು ಪ್ರಾಮಾಣಿಕರೇ, ಆದರೆ ಈ ಗುಂಪು ಅವರಿಗಲ್ಲ. ಒಬ್ಬ ಹುಡುಗ ನಿಜಕ್ಕೂ "ನನಗೆ ಹೇಳೋಕೆ ಆಗಲ್ಲ ಮೇಡಂ" ಅಂತ ಎದ್ದು ಹೋದ. ನನಗೆ ಅವನ ಮೇಲೆ ಗೌರವವೇ ಬಂತು.

ಇನ್ನು ನಿಯಮ. ಉದ್ದ ಪಟ್ಟಿ ಮಾಡಿದರೆ ಯಾರೂ ಓದಲ್ಲ. 1985ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಾರ್ಮನ್ನರು (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಗಡದವರು) ಮಂದಿರ ಕಟ್ಟಿದಾಗ ಊರಲ್ಲಿ ವಿರೋಧ ಎದ್ದಿತ್ತು. ಅಲ್ಲಿನ ಲೂಥರನ್ ಬಿಷಪ್ ಕ್ರಿಸ್ಟರ್ ಸ್ಟೆಂಡಾಲ್ ಪತ್ರಕರ್ತರ ಮುಂದೆ ಮೂರು ಮಾತು ಹೇಳಿದರು. ಒಂದು ಧರ್ಮದ ಬಗ್ಗೆ ತಿಳಿಯಬೇಕಾದರೆ ಅದನ್ನು ಪಾಲಿಸುವವರನ್ನು ಕೇಳು, ಅದರ ವಿರೋಧಿಗಳನ್ನಲ್ಲ. ನಿಮ್ಮಲ್ಲಿನ ಅತ್ಯುತ್ತಮವನ್ನು ಅವರಲ್ಲಿನ ಅತಿ ಕೆಟ್ಟದ್ದರ ಪಕ್ಕ ಇಟ್ಟು ತೂಗಬೇಡ. ಮೂರನೆಯದು ಸ್ವಲ್ಪ ವಿಚಿತ್ರ: ಅವರಲ್ಲಿ ಇರುವ ಯಾವುದನ್ನೋ ಕಂಡು "ಅಯ್ಯೋ ಇದು ನಮ್ಮಲ್ಲೂ ಇದ್ದಿದ್ದರೆ" ಅಂತ ಹೊಟ್ಟೆಕಿಚ್ಚು ಪಡೋಕೆ ಜಾಗ ಇಟ್ಟುಕೋ. ಪವಿತ್ರ ಹೊಟ್ಟೆಕಿಚ್ಚು ಅಂತ ಕರೆದರು ಅದನ್ನ.

ನನ್ನ ಮಕ್ಕಳಿಗೆ ಇದರಲ್ಲಿ ಕಷ್ಟ ಆಗಿದ್ದು ಎರಡನೆಯದು. ನಮ್ಮ ಸಂತರು, ಅವರ ರೌಡಿಗಳು. ಎಲ್ಲರೂ ಇದೇ ತಕ್ಕಡಿ ಹಿಡಿದು ಬರ್ತಾರೆ.

ಕೊನೇಬೆಂಚು ಅವರಿಗೆ ನೇರ ಉತ್ತರ. ನಿಮ್ಮದು ಮೊದಲ ಮೂರು ವಾರದ ತಪ್ಪು. ಜಗಳ ಆದಾಗ ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಂಡಿರಲಿಲ್ಲ. ನಾವು ಎರಡು ಪದ ಇಟ್ಟುಕೊಂಡಿದ್ದೆವು. ಯಾರದ್ದಾದರೂ ಮಾತು ನೋಯಿಸಿದರೆ "ಚುಚ್ಚಿತು" ಅನ್ನೋದು. ಬಾಯಿ ತಪ್ಪಿ ಏನಾದರೂ ಹೇಳಿದರೆ "ಜಾರಿತು" ಅನ್ನೋದು. ಚುಚ್ಚಿತು ಅಂದ ಕೂಡಲೇ ಮಾತಾಡುವವರು ನಿಲ್ಲಿಸಬೇಕು. ಸಮರ್ಥನೆ ಇಲ್ಲ. ಏನು ಚುಚ್ಚಿತು ಅಂತ ಕೇಳಬೇಕು ಅಷ್ಟೇ. ಮೊದಲು ಎಲ್ಲರೂ ನಕ್ಕರು. ಎರಡನೇ ತಿಂಗಳಿಗೆ ಕ್ಯಾರಿಡಾರಿನಲ್ಲೂ ಬಳಸೋಕೆ ಶುರು ಮಾಡಿದರು. ಪರೀಕ್ಷೆಯ ಅಂಕ ಹೇಳಿದಾಗ ಒಬ್ಬ ನನಗೇ "ಮೇಡಂ, ಚುಚ್ಚಿತು" ಅಂದ.

ಸುಮ್ನೆಬಂದೆ

ಈ "ಜಾರಿತು" ನನ್ನ ಸಂಸಾರಕ್ಕೆ ಬೇಕಿತ್ತು.

ಒಂದುಪ್ರಶ್ನೆ

@ಗಣಿತದಟೀಚರ್ ಆ ಎದ್ದು ಹೋದ ಹುಡುಗನ ಮಾತು ಅಪ್ಪನಿಗೆ ಹೇಳ್ತೀನಿ. ನಂಬ್ತಾರೋ ಇಲ್ವೋ. ಆದರೆ ಒಂದು ತಕರಾರು ಉಳಿಯಿತು. ಬಾಯಲ್ಲಿ "ಬದಲಾಯಿಸೋಕೆ ಬಂದಿಲ್ಲ" ಅಂತ ಹೇಳಿ ಒಳಗೆ ಬೇರೆ ಇಟ್ಟುಕೊಂಡವರು?

ಗಣಿತದಟೀಚರ್

ಇರ್ತಾರೆ. ಮನಸ್ಸಿನೊಳಗೆ ಇಣುಕೋಕೆ ನನಗೆ ಬರಲ್ಲ. ಅದಕ್ಕೇ ಎರಡು ಎಚ್ಚರ: ಗುಂಪಿನ ಹೊರಗೆ ಒಬ್ಬರನ್ನೇ ಪ್ರತ್ಯೇಕ ಕರೆದು ಧರ್ಮದ ಮಾತಾಡುವಂತಿಲ್ಲ, ಮತ್ತೆ ಯಾರು ಯಾವಾಗ ಬೇಕಾದರೂ ಕಾರಣ ಹೇಳದೆ ಬಿಟ್ಟು ಹೋಗಬಹುದು. ಬಾಗಿಲು ತೆರೆದೇ ಇರಬೇಕು, ಬಾಗಿಲು ಅಂದರೆ ನಿಜವಾದ ಬಾಗಿಲು. ನಾನು ಚಿಲಕ ಹಾಕಲು ಬಿಡುತ್ತಿರಲಿಲ್ಲ.

ನೀಲಿಶಾಯಿ

ಮಾತಿಗಿಂತ ಓದು ಒಳ್ಳೆಯದು ಅನ್ನೋ ಒಂದು ದಾರಿಯೂ ಇದೆ. 1990ರ ದಶಕದಲ್ಲಿ ಯಹೂದಿ, ಕ್ರೈಸ್ತ ವಿದ್ವಾಂಸರು ಕೆಲವರು ಶುರು ಮಾಡಿದ್ದು, ಸ್ವಲ್ಪದರಲ್ಲೇ ಮುಸ್ಲಿಮರೂ ಸೇರಿದರು. ಒಂದೇ ವಿಷಯದ ಮೇಲೆ ಮೂರೂ ಗ್ರಂಥಗಳಿಂದ ಒಂದೊಂದು ಚಿಕ್ಕ ತುಣುಕು. ಐದಾರು ಜನ, ಒಂದು ಮೇಜು. ಯಾರ ಗ್ರಂಥವೋ ಅವರು ಒಂದೆರಡು ಮಾತಿನಲ್ಲಿ ಪರಿಚಯ ಮಾಡಿಕೊಡ್ತಾರೆ, ಆಮೇಲೆ ಎಲ್ಲರೂ ಅದರ ಮೇಲೆ ಪ್ರಶ್ನೆ ಹಾಕ್ತಾರೆ. ಕೊನೆಗೆ ಒಮ್ಮತಕ್ಕೆ ಬರಬೇಕು ಅಂತ ಇಲ್ಲವೇ ಇಲ್ಲ. ಭಿನ್ನಮತವನ್ನು ಇನ್ನೂ ಚೆನ್ನಾಗಿ ಹೇಳೋದು ಕಲಿತರೆ ಸಾಕು ಅನ್ನೋದು ಅವರ ಲೆಕ್ಕ.

ನಾನು ಒಮ್ಮೆ ಕೂತಿದ್ದೆ. ಕಣ್ಣು ಎದುರಿನವರ ಮುಖದ ಮೇಲಿರಲ್ಲ, ಕಾಗದದ ಮೇಲಿರುತ್ತೆ. "ನೀನು ಹೀಗೆ" ಅನ್ನೋದರ ಬದಲು "ಈ ಸಾಲು ಹೀಗೆ ಯಾಕೆ?" ಅಂತ ಬಾಯಿಗೆ ಬರುತ್ತೆ. ನನಗೆ ಬಾಯಿಪಾಠ ಆಗಿದ್ದ ಒಂದು ಸಾಲನ್ನು ಹೊರಗಿನವಳು ಮೊದಲ ಸಲ ಓದಿ, "ಇಲ್ಲಿ ಕೋಪ ಯಾರಿಗೆ ಬಂದಿದೆ?" ಅಂತ ಕೇಳಿದಳು. ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೆ, ಅದರಲ್ಲಿ ಕೋಪ ಇದೆ ಅಂತಲೇ ಗಮನಿಸಿರಲಿಲ್ಲ.

ನಂಬದವನು

ಓದು ಓದುವವರಿಗೆ. ಎಲ್ಲ ಹುಡುಗರೂ ಗ್ರಂಥ ಹಿಡಿದು ಕೂರ್ತಾರಾ? ಒಟ್ಟಿಗೆ ಕೆಲಸ ಮಾಡಿಸಿ, ಆಟ ಆಡಿಸಿ. ತಾನಾಗೇ ಸರಿಹೋಗುತ್ತೆ. ಸಾಮಾಜಿಕ ಮನಃಶಾಸ್ತ್ರದಲ್ಲಿ ಇದಕ್ಕೆ ಸಿದ್ಧಾಂತವೇ ಇದೆ. ಬೇರೆ ಬೇರೆ ಗುಂಪಿನವರು ಬೆರೆತರೆ ದ್ವೇಷ ಕಡಿಮೆ ಆಗುತ್ತೆ ಅಂತ ಗಾರ್ಡನ್ ಆಲ್‌ಪೋರ್ಟ್ ಹೇಳಿದ್ದು.

ಅಂಕಿಅಂಶ

ಆಲ್‌ಪೋರ್ಟ್ ಅಷ್ಟು ಸುಲಭವಾಗಿ ಹೇಳಲಿಲ್ಲ. ಅವರು 1954ರಲ್ಲಿ ಬರೆದಾಗ ಷರತ್ತು ಹಾಕಿದ್ದರು. ಬೆರೆಯುವವರು ಸಮಾನರಾಗಿರಬೇಕು, ಗುರಿ ಒಂದೇ ಇರಬೇಕು, ಪೈಪೋಟಿ ಇಲ್ಲದೆ ಕೈಜೋಡಿಸಬೇಕು, ಮೇಲಿನವರ ಬೆಂಬಲ ಇರಬೇಕು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಅನ್ನುವವರು 515 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಷರತ್ತು ಪೂರ್ತಿ ಇಲ್ಲದಿದ್ದರೂ ಬೆರೆಯುವುದರಿಂದ ಪೂರ್ವಗ್ರಹ ಸಾಮಾನ್ಯವಾಗಿ ತಗ್ಗುತ್ತೆ, ಷರತ್ತು ಇದ್ದರೆ ಇನ್ನೂ ಜಾಸ್ತಿ ಅಂತ ಕಂಡಿತು. ಹಾಗಾಗಿ ನಿಮ್ಮ ಮಾತು ಮುಕ್ಕಾಲು ಸರಿ.

ಉಳಿದ ಕಾಲು ಹೇಳ್ತೀನಿ. ಇರಾಕಿನಲ್ಲಿ ಐಸಿಸ್ ಹಾವಳಿಯಿಂದ ಮನೆ ಬಿಟ್ಟಿದ್ದ ಕ್ರೈಸ್ತ ಹುಡುಗರ ಫುಟ್‌ಬಾಲ್ ತಂಡಗಳನ್ನು ಸಲ್ಮಾ ಮೂಸಾ ಅನ್ನುವ ಸಂಶೋಧಕಿ ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದರು, ಉಳಿದವಕ್ಕೆ ಕ್ರೈಸ್ತರನ್ನೇ. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೆರೆತ ತಂಡದವರು ಮುಂದಿನ ವರ್ಷವೂ ಬೆರೆತ ತಂಡಕ್ಕೆ ಹೆಸರು ಕೊಟ್ಟರು, ಆರು ತಿಂಗಳಾದ ಮೇಲೂ ಮುಸ್ಲಿಂ ಹುಡುಗರ ಜೊತೆ ಅಭ್ಯಾಸ ಮಾಡುತ್ತಿದ್ದರು. ಆದರೆ ಮೈದಾನದ ಹೊರಗೆ, ಪರಿಚಯ ಇಲ್ಲದ ಮುಸ್ಲಿಮರ ಜೊತೆ ಬೆರೆಯುವ ವಿಷಯದಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಗೆಳೆಯ ಸಿಕ್ಕಿದ, ಊರು ಸಿಗಲಿಲ್ಲ.

ಮಳೆಹುಳ

"ನೀನು ಬೇರೆ ಥರ ಬಿಡು." ನಾನು ಮೇಲೆ ಬರೆದದ್ದು ಇದೇ. ಇದಕ್ಕೆ ಸಂಶೋಧನೆ ಬೇರೆ ಆಗಿದೆ ಅಂತ ಈಗ ಗೊತ್ತಾಯಿತು.

ಅರೆಬೆಳಕು

ಅದಕ್ಕೇ ಕೆಲಸವೂ ಬೇಕು, ಮಾತೂ ಬೇಕು. ಅಮೆರಿಕದಲ್ಲಿ ಈಬೂ ಪಟೇಲ್ 2002ರಲ್ಲಿ ಕಟ್ಟಿದ ಯುವಜನರ ಸಂಸ್ಥೆ ಹಿಡಿದದ್ದು ಇದೇ ದಾರಿ. ಬೇರೆ ಬೇರೆ ಧರ್ಮದ ವಿದ್ಯಾರ್ಥಿಗಳು ಸೇರಿ ಮೊದಲು ಒಂದು ಸೇವೆಯ ಕೆಲಸ ಮಾಡೋದು, ಆಮೇಲೆ ಕೂತು "ಈ ಕೆಲಸ ಮಾಡೋಕೆ ನಿನ್ನ ನಂಬಿಕೆ ಏನು ಹೇಳುತ್ತೆ?" ಅಂತ ಕೇಳೋದು. ಇವತ್ತು ಅದರ ಹೆಸರು ಇಂಟರ್‌ಫೇತ್ ಅಮೆರಿಕ. ಕೆಲಸ ಮಾಡಿ ಪ್ರಶ್ನೆ ಕೇಳದೆ ಮನೆಗೆ ಹೋದರೆ ಅದು ಬರೀ ಶ್ರಮದಾನ. ಪ್ರಶ್ನೆ ಕೇಳಿ ಕೆಲಸ ಮಾಡದಿದ್ದರೆ ಕೊನೇಬೆಂಚು ಅವರ ನಾಲ್ಕನೇ ವಾರ.

ಮೂಲೆಮನೆ

ಎಲ್ಲರೂ ಒಂದು ಸಣ್ಣ ವಿಷಯ ಬಿಟ್ಟಿದ್ದೀರಿ. ಕುರ್ಚಿ ಹೇಗೆ ಹಾಕಿದ್ದಿರಿ?

ಕೊನೇಬೆಂಚು

ಕ್ಲಾಸ್ ರೂಮು. ಬೆಂಚು ಸಾಲಾಗಿ ಇತ್ತು. ಮಾತಾಡುವವರು ಮುಂದೆ ಬಂದು ನಿಲ್ಲುತ್ತಿದ್ದರು. ನಾಲ್ಕನೇ ವಾರ ಮಾತ್ರ ಎರಡು ಸಾಲು ಎದುರುಬದುರು ಮಾಡಿದ್ದೆವು.

ಮೂಲೆಮನೆ

ಅಂದರೆ ಕಬಡ್ಡಿ. ಆಮೇಲೆ ಹುಡುಗಿಯನ್ನು ಯಾಕೆ ಬೈಯೋದು. ನಾನು ಮೇಲೆ ಬರೆದದ್ದರಲ್ಲಿ ಅರ್ಧ ವಾಪಸ್.

ಇತಿಹಾಸದಹುಚ್ಚ

ಕುರ್ಚಿ ವಿಷಯ ನಗೆಪಾಟಲಲ್ಲ. 1575ರಲ್ಲಿ ಅಕ್ಬರ್ ಫತೇಪುರ್ ಸಿಕ್ರಿಯಲ್ಲಿ ಧರ್ಮದ ಚರ್ಚೆಗೆ ಅಂತಲೇ ಇಬಾದತ್ ಖಾನಾ ಕಟ್ಟಿಸಿದ. ಆಗಿನ್ನೂ ಬೇರೆ ಧರ್ಮದವರು ಬಂದಿರಲಿಲ್ಲ, ಬರೀ ಮುಸ್ಲಿಂ ವಿದ್ವಾಂಸರು. ಅವರಲ್ಲೇ ಮೊದಲ ಜಗಳ ಎದ್ದದ್ದು ಯಾರು ಎಲ್ಲಿ ಕೂರಬೇಕು ಅಂತ! ಕೊನೆಗೆ ದೊರೆಯೇ ನಾಲ್ಕು ದಿಕ್ಕು ಹಂಚಿ ಒಂದೊಂದು ವರ್ಗವನ್ನು ಒಂದೊಂದು ಕಡೆ ಕೂರಿಸಬೇಕಾಯಿತು. ಮುಂದೆ ಹಿಂದೂಗಳು, ಜೈನರು, ಪಾರ್ಸಿಗಳು, ಗೋವಾದಿಂದ ಜೆಸ್ಯೂಟ್ ಪಾದ್ರಿಗಳು ಎಲ್ಲ ಬಂದರು. ಅಷ್ಟು ದೊಡ್ಡ ಚಕ್ರವರ್ತಿಗೇ ಕುರ್ಚಿ ತಲೆನೋವು.

ಸುಮ್ನೆಬಂದೆ

ಆಗ ಕುರ್ಚಿ ಎಲ್ಲಿತ್ತು, ನೆಲದ ಮೇಲೆ ಕೂರ್ತಿದ್ದರು.

ಇತಿಹಾಸದಹುಚ್ಚ

ಜಾಗ ಅಂತ ಓದಿಕೊಳ್ಳಿ ಪುಣ್ಯಾತ್ಮರೇ.

ಕೊನೇಬೆಂಚು

ಎಲ್ಲರಿಗೂ ಥ್ಯಾಂಕ್ಸ್. ಒಂದು ಹೊಸ ಸುದ್ದಿ. ಬಿಟ್ಟುಹೋದ ಎಂಟು ಜನರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಆರು ಜನ ಹೇಳಿದ್ದು ಒಂದೇ ಮಾತು: "ಆ ಹುಡುಗಿಗೆ ಹಾಗೆ ಹೇಳಿದ್ದು ಸರಿ ಇರಲಿಲ್ಲ, ಅವಳಿಗೆ ಎಷ್ಟು ನೋವಾಗಿರಬೇಡ." ಒಬ್ಬನಿಗೆ ಬಸ್ಸಿನ ಟೈಮ್ ಬದಲಾಗಿದೆ. ಇನ್ನೊಬ್ಬ ಫೋನ್ ಎತ್ತಲಿಲ್ಲ.

ಆದರೆ ಆ ಹುಡುಗಿ ಬಿಟ್ಟೇ ಹೋಗಿಲ್ಲ! ಉಳಿದ ಆರು ಜನರಲ್ಲಿ ಅವಳೂ ಒಬ್ಬಳು. ಅವನೂ ಒಬ್ಬ. ನಿನ್ನೆ ಇಬ್ಬರೂ ಲೈಬ್ರರಿಯಲ್ಲಿ ಒಂದೇ ಮೇಜಿನಲ್ಲಿ ಕೂತು ಅಂಕಿಸಂಖ್ಯಾಶಾಸ್ತ್ರದ ಲೆಕ್ಕ ಮಾಡುತ್ತಿದ್ದರು. ನೊಂದವಳಿಗಿಂತ ಅವಳ ಪರವಾಗಿ ನೊಂದವರೇ ಜಾಸ್ತಿ. ಅವಳನ್ನು ಯಾರೂ ಕೇಳಲೇ ಇಲ್ಲ, ನಾನೂ ಕೇಳಿರಲಿಲ್ಲ. ಅವಳಿಗೆ ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ.

ಗಣಿತದಟೀಚರ್

ಇದು ಯಾವಾಗಲೂ ಹೀಗೇ. "ಚುಚ್ಚಿತು" ಅನ್ನೋ ಪದಕ್ಕೆ ನಮ್ಮಲ್ಲಿ ಒಂದು ತಿದ್ದುಪಡಿ ಆಗಿತ್ತು, ಹೇಳೋದು ಮರೆತೆ. ಚುಚ್ಚಿಸಿಕೊಂಡವರು ಮಾತ್ರ ಅದನ್ನು ಹೇಳಬೇಕು. ಪಕ್ಕದವರ ಪರವಾಗಿ ಹೇಳುವಂತಿಲ್ಲ.

ಮೂಲೆಮನೆ

@ಗಣಿತದಟೀಚರ್ ಇಲ್ಲಿ ನಿಲ್ಲಿ. ಎಲ್ಲರಿಗೂ ಹೇಳುವ ಧೈರ್ಯ ಇರಲ್ಲ. ಗುಂಪಿನಲ್ಲಿ ಒಬ್ಬರೇ ಇದ್ದಾಗ, ಉಳಿದ ಹದಿಮೂರು ಜನ ಒಂದೇ ಕಡೆಯವರಾದಾಗ, ಪಕ್ಕದವರು ಬಾಯಿ ಬಿಡದಿದ್ದರೆ ಅದೂ ತಪ್ಪಲ್ವಾ?

ಮಳೆಹುಳ

@ಮೂಲೆಮನೆ ಹೌದು. ನನ್ನ ಪರವಾಗಿ ಒಮ್ಮೆಯಾದರೂ ಯಾರಾದರೂ ಮಾತಾಡಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಆದರೆ ಮಾತಾಡಿ ಎದ್ದು ಹೋಗೋದಲ್ಲ. ಮಾತಾಡಿ ನನ್ನ ಪಕ್ಕದಲ್ಲೇ ಕೂರೋದು.

ಗಣಿತದಟೀಚರ್

ಸರಿ. ಜಾರಿತು.

ಕೇಳಿದವಳು

ಆ ಹುಡುಗಿ ನಾನೇ. ಇಷ್ಟು ಜನ ನನ್ನ ಬಗ್ಗೆ ಮಾತಾಡಿದ್ದು ಓದಿ ಮುಜುಗರ ಆಯಿತು. ಎರಡು ಮಾತು.

ನಾನು ಆ ಪ್ರಶ್ನೆ ಕೇಳಿದ್ದು ಅವನನ್ನು ಸಿಕ್ಕಿಸೋಕೆ ಅಲ್ಲ. ಹೋದ ವರ್ಷ ಅಮ್ಮ ತೀರಿಕೊಂಡರು. ಅವತ್ತಿನಿಂದ ಇದೇ ಪ್ರಶ್ನೆ ತಲೆಯಲ್ಲಿ. ನಮ್ಮ ಮನೆಯವರ ಉತ್ತರ ನನಗೆ ಗೊತ್ತು. ಬೇರೆಯವರು ಏನು ನಂಬ್ತಾರೆ ಅಂತ ತಿಳಿಯಬೇಕಿತ್ತು. ಮೂರು ವಾರದಲ್ಲಿ ಸುಳ್ಳು ಹೇಳಲ್ಲ ಅಂತ ನನಗೆ ಅನ್ನಿಸಿದ್ದು ಅವನೊಬ್ಬನೇ, ಅದಕ್ಕೆ ಅವನನ್ನೇ ಕೇಳಿದೆ.

ಅವನು ಹೇಳಿದ್ದರಲ್ಲಿ ಎರಡನೇ ಭಾಗ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. "ನಮ್ಮಲ್ಲಿ ಹೀಗೆ ಹೇಳ್ತಾರೆ. ನನಗೆ ಅದು ಓದಿದಾಗೆಲ್ಲ ನನ್ನ ಬೇರೆ ಧರ್ಮದ ಗೆಳೆಯರ ಮುಖ ಕಣ್ಣ ಮುಂದೆ ಬರುತ್ತೆ. ರಾತ್ರಿ ನಿದ್ದೆ ಬರಲ್ಲ. ನಮ್ಮ ಗುರುಗಳನ್ನೂ ಕೇಳಿದ್ದೀನಿ, ಅವರು ಕೊಟ್ಟ ಉತ್ತರ ನನಗೆ ಸಾಕಾಗಿಲ್ಲ" ಅಂದ. ನಾನು ಎದುರಿಗೆ ಇದ್ದೆ, ನನಗೆ ಕೇಳಿಸಿತು. ಉತ್ತರದ ಮೊದಲ ಭಾಗ ಚುಚ್ಚಿತು, ನಿಜ. ಅಮ್ಮನನ್ನು ನೆನೆದು ಅವತ್ತು ರಾತ್ರಿ ಅತ್ತೆ. ಆದರೆ ನಾನು ಎಲ್ಲಿಗೆ ಹೋಗ್ತೀನಿ ಅಂತ ಯೋಚಿಸಿ ನಿದ್ದೆ ಕೆಡಿಸಿಕೊಳ್ಳುವವರು ನನ್ನ ಹತ್ತಿರದವರಲ್ಲೂ ಜಾಸ್ತಿ ಇಲ್ಲ.

ಇನ್ನೂ ನಾನು ಅವನ ಮಾತು ಒಪ್ಪಿಲ್ಲ. ಅವನೂ ನನ್ನದನ್ನು ಒಪ್ಪಿಲ್ಲ. ಲೆಕ್ಕದಲ್ಲೂ ಹಾಗೇ, ಆದರೆ ಅಲ್ಲಿ ಪುಸ್ತಕದ ಹಿಂದೆ ಉತ್ತರ ಇದೆ.

ನಂಬದವನು

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಳೇಚಪ್ಪಲಿ

ಅಮ್ಮನ ವಿಷಯ ಕೇಳಿ ಬೇಜಾರಾಯಿತು ತಂಗಿ.

ಒಂದುಪ್ರಶ್ನೆ

ಈ ಕೊನೆಯ ಬರಹ ಅಪ್ಪನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಎಷ್ಟು ಗಂಟೆಗೆ ಮುಗಿಯುತ್ತಂತೆ?" ಅಂತ ತಂಗಿಯನ್ನು ಕೇಳಿದರು.

ಕೊನೇಬೆಂಚು

ಮೇಷ್ಟ್ರ ಹತ್ತಿರ ಮಾತಾಡಿದೆ. ಚಿತ್ರ ಸ್ಪರ್ಧೆ ಮಾಡ್ತೀವಿ, ಆದರೆ ಗುಂಪೂ ನಡೆಯಲಿ ಅಂದೆ. ಗೊಣಗಿಕೊಂಡೇ ಒಪ್ಪಿದರು. ಮುಂದಿನ ಬುಧವಾರ. ಮೊದಲ ಅರ್ಧ ಗಂಟೆ ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ, ಆಮೇಲೆ ಮಾತು. ಬೆಂಚು ಭಾರ, ಸುತ್ತಲೂ ಹಾಕೋಕೆ ಆಗಲ್ಲ, ನೆಲದ ಮೇಲೇ ಕೂರ್ತೀವಿ. ಬಂದವರ ಹಾಳೆಯಲ್ಲಿ ಧರ್ಮದ ಸಾಲು ತೆಗೆದೆ.

ನಕ್ಕವನಿಗೂ ಹೇಳಿ ಕಳಿಸಿದ್ದೇನೆ. ಅವನು ನಕ್ಕಿದ್ದು ಗಾಬರಿಗಂತೆ.

ಕೇಳಿದವಳು

ರಟ್ಟಿಗೆ ಅಂಟು ಯಾರು ತರ್ತಾರೆ?

ಸುಮ್ನೆಬಂದೆ

ಪಾರಿವಾಳದ ಬಿಳಿ ಬಣ್ಣ ಮಿಕ್ಕಿದರೆ ಪುಸ್ತಕದ ಬೆನ್ನಿಗೆ ಬಳಿಯಿರಿ. ಹೆಸರು ಬರೆಯೋಕೆ ಅನುಕೂಲ.